ಜಲ್ಲಿ ರಸ್ತೆಯ ಎದೆಬಡಿತ

ಎಲ್ಮೈರಾ ಹತ್ತಿರ, ಒಂಟಾರಿಯೊ
9 ಅಕ್ಟೋಬರ್ 2019, ಬುಧವಾರ

ಎಷ್ಟು ದೂರವಿದ್ದರೂ ನನಗಿನ್ನೂ ಪಕ್ಕದ ಮಂಚದವಳೇ ಆಗಿರುವ ಲೊರೆಟ್ಟಾಗೆ, ಸಲಿಂಡಾಳ ಪ್ರೀತಿಯ ನೆನಪುಗಳು.

ನಿನ್ನ ಕಾಗದ ಶನಿವಾರ ಬಂತು. ಉತ್ತರ ತಡವಾದದ್ದಕ್ಕೆ ಸೇಬಿನ ನೆಪ ಹೇಳಬಹುದು. ಅಂಗಳದಲ್ಲಿ ತಾಮ್ರದ ಹಂಡೆ ಇಟ್ಟು ಸೇಬು ಕುದಿಸಿ ಗಟ್ಟಿ ಮಾಡುವ ವಾರ ಇದು. ಒಬ್ಬರಾದರೂ ನಿಂತು ಕಲಕುತ್ತಲೇ ಇರಬೇಕು, ಬಿಟ್ಟರೆ ತಳ ಹಿಡಿಯುತ್ತದೆ. ನನ್ನ ಏಪ್ರನ್, ಕೂದಲು, ಈ ಕಾಗದ ಎಲ್ಲದಕ್ಕೂ ದಾಲ್ಚಿನ್ನಿಯ ವಾಸನೆ ಹತ್ತಿದೆ. ಮೂಸಿ ನೋಡು. ಆದರೆ ತಡವಾದದ್ದು ಸೇಬಿನಿಂದಲ್ಲ, ನೀನು ಕೇಳಿದ ಪ್ರಶ್ನೆಯಿಂದ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. "ಲೇ ಬಾತುಮರಿ, ಅಡುಗೆಮನೇಲಿ ಕೆಟ್ಲು ಹಿಡ್ಕೊಂಡು ನಿಂತಿದ್ದೆ, ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಗಸ್ ನನ್ನ ಮೇಲೆ ಬಗ್ಗಿ ಅಳ್ತಾ ಇದ್ದ. ಅವನ ಗಡ್ಡದಿಂದ ಮೀನಿನ ನೀರು ನನ್ನ ಮೂಗಿನ ಮೇಲೆ ತೊಟ್ಟಿಕ್ತಾ ಇತ್ತು, ಅದಕ್ಕೇ ಎಚ್ಚರ ಆಗಿದ್ದು." ಓದಿ, ನಿನ್ನ ಗಂಡನ ಆ ಗಡ್ಡವನ್ನು ಊಹಿಸಿಕೊಂಡು ನಕ್ಕೆ. ನಕ್ಕದ್ದಕ್ಕೆ ಆಮೇಲೆ ನನ್ನ ಮೇಲೇ ಕೋಪ ಬಂತು. ನಿಮ್ಮ ಕಡಲೂರಿನಲ್ಲಿ ಅಂಗಡಿಯವನನ್ನೂ ಪಾದ್ರಿಯನ್ನೂ ಬಾತುಮರಿ ಎಂದೇ ಕರೆಯುತ್ತಾರೆಂದು ನೀನೇ ಹೇಳಿದ್ದೆ. ಇರಲಿ. ನನ್ನನ್ನು ಹಾಗೆ ಕರೆಯುವವಳು ಲೋಕದಲ್ಲಿ ನೀನೊಬ್ಬಳೇ.

ಸೇಂಟ್ ಜಾನ್ಸ್‌ನ ಡಾಕ್ಟರು ಪೇಸ್‌ಮೇಕರ್ ಇಡಲು ಇದೇ ಇಪ್ಪತ್ತನಾಲ್ಕಕ್ಕೆ ದಿನ ಕೊಟ್ಟಿದ್ದಾರೆ. ಹಿಂದೆ ಎರಡು ಸಲ ನೀನು ಬಿರುಗಾಳಿ, ನೆಗಡಿ ಎಂದು ತಪ್ಪಿಸಿಕೊಂಡೆ. ಈ ಸಲ ಹೋಗಬೇಕೋ ಬೇಡವೋ ಎಂಬ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದ್ದೀಯ. "ಗಸ್‌ನ ದೋಣಿ ಕೊಲ್ಲಿ ಬಾಯಲ್ಲಿ ಕಂಡ್ರೆ ಇವತ್ತಿಗೂ ನನ್ನೆದೆ ಡವಡವ ಅನ್ನುತ್ತೆ ಕಣೇ. ಅದೇ ಹಳೇ ಮುಖ, ಅದೇ ಹರಕು ಟೋಪಿ, ಆದ್ರೂ ಅನ್ನುತ್ತೆ. ಆ ಯಂತ್ರ ಇಟ್ಟ ಮೇಲೂ ಅದು ಹಾಗೆ ಕುಣಿಯುತ್ತಾ? ಡಾಕ್ಟರನ್ನ ಕೇಳಿದ್ರೆ ನಕ್ಕುಬಿಟ್ರು. ನಿಂಗೆ ಇಟ್ಟು ಎರಡು ವರ್ಷ ಆಯ್ತಲ್ಲ, ನೀನು ಹೇಳು. ಕುಣಿಯಲ್ಲ ಅಂದ್ರೆ ನಂಗೆ ಬೇಡ. ಬಿದ್ರೆ ಬೀಳ್ತೀನಿ. ಸುಳ್ಳು ಹೇಳೋಕೆ ಹೋಗ್ಬೇಡ, ನಿಮ್ಮ ಜನಕ್ಕೆ ಅದು ಬರಲ್ಲ, ಕಿವಿ ಕೆಂಪಾಗುತ್ತೆ."

ಕಾಗದಕ್ಕೆ ಕಿವಿ ಇಲ್ಲ, ಲೊರೆಟ್ಟಾ.

ಹಂಡೆ ಕಲಕುತ್ತ ಈ ನಾಲ್ಕು ದಿನ ಟೊರೊಂಟೊ ಆಸ್ಪತ್ರೆಯ ಆ ಉದ್ದನೆಯ ಕೋಣೆಯೇ ಕಣ್ಣ ಮುಂದಿತ್ತು. ನನಗೆ ಇಪ್ಪತ್ತೊಂದು, ನಿನಗೆ ಇಪ್ಪತ್ತು. ಬಿಸ್ಕತ್ತು ಕಾರ್ಖಾನೆಯ ಕೆಲಸಕ್ಕೆಂದು ದ್ವೀಪ ಬಿಟ್ಟು ಬಂದವಳು ನೀನು, ಹೊಲ ಮತ್ತು ಪ್ರಾರ್ಥನಾ ಸಭೆ ಬಿಟ್ಟು ಬೇರೇನೂ ನೋಡದವಳು ನಾನು. ಇಬ್ಬರಿಗೂ ಕುತ್ತಿಗೆಯಲ್ಲಿ, ಎದೆಯಲ್ಲಿ ಅದೇ ಕ್ಯಾನ್ಸರ್ ಗಂಟುಗಳು. ನನ್ನ ಬಿಳಿ ಟೋಪಿ, ಕಾಲು ಮುಚ್ಚುವ ಲಂಗ ನೋಡಿ ನೀನು ಆಡಿದ ಮೊದಲ ಮಾತು ನೆನಪಿದೆಯೇ? "ಏನೇ, ನಾಟಕದ ಮಧ್ಯದಿಂದ ಎಬ್ಬಿಸ್ಕೊಂಡು ಬಂದ್ರಾ ನಿನ್ನ?" ನಮ್ಮ ಮೆನ್ನೊನೈಟ್ ಪಂಥದಲ್ಲಿ ಕಾರಿಲ್ಲ, ಕುದುರೆ ಗಾಡಿ, ಮನೆಯಲ್ಲಿ ರೇಡಿಯೋ ಇಲ್ಲ ಎಂದು ನಾನು ನೆಲ ನೋಡುತ್ತ ಹೇಳಿದೆ. ನೀನು "ಹಾಗಾದ್ರೆ ನಾನೇ ಹಾಡ್ಬೇಕು" ಎಂದೆ. ಹಾಡಿಯೂ ಬಿಟ್ಟೆ. ಗಂಟಲು ಸುಟ್ಟು ಸ್ವರ ಕೆಡುವ ತನಕ ಹಾಡಿದೆ.

ಚಿಕಿತ್ಸೆಯ ಕಿರಣ ಬೀಳಬೇಕಾದ ಜಾಗ ತಪ್ಪಬಾರದೆಂದು ಎದೆಯ ಮೇಲೆ ಸಾಸಿವೆ ಕಾಳಿನಷ್ಟು ಹಚ್ಚೆ ಚುಚ್ಚಿದರಲ್ಲ, ಆ ದಿನ ನಾನು ಅಮ್ಮನಿಗೆ ಏನು ಹೇಳಲಿ ಎಂದು ಅತ್ತೆ. ನೀನು ಮಾತ್ರ ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ, "ಹಚ್ಚೆ ಹಾಕಿಸ್ಕೊಂಡ ಮೆನ್ನೊನೈಟ್ ಹುಡುಗಿ ನೋಡ್ಬೇಕಾ, ಬನ್ನಿ ಬನ್ನಿ!" ನರ್ಸಮ್ಮ ಕೂಡ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆ ಚುಕ್ಕೆಗಳು ಇನ್ನೂ ಇವೆ. ಸ್ನಾನ ಮಾಡುವಾಗ ಅವುಗಳನ್ನು ಮುಟ್ಟಿದರೆ ನಿನ್ನ ಎದೆಯ ಚುಕ್ಕೆಗಳು ನೆನಪಾಗುತ್ತವೆ. ಒಂದೇ ಮೇಜಿನ ಮೇಲೆ, ಒಬ್ಬಳಾದ ಮೇಲೆ ಒಬ್ಬಳು ಮಲಗುತ್ತಿದ್ದೆವು. ಶ್ವಾಸಕೋಶಗಳಿಗೆ ಸೀಸದ ಮರೆ ಇಟ್ಟರು. ಹೃದಯಕ್ಕೆ ಇಡಲಾಗಲಿಲ್ಲ, ಗಂಟುಗಳು ಇದ್ದದ್ದೇ ಅದರ ಸುತ್ತ. ನಾನು ಯಾರನ್ನೂ ದೂರುವುದಿಲ್ಲ. ಆ ಕಿರಣವಿಲ್ಲದಿದ್ದರೆ ನೀನು ಗಸ್‌ನ ಮುಖವನ್ನೇ ಕಾಣುತ್ತಿರಲಿಲ್ಲ, ನಾನು ಆಮ್ಸಿಯನ್ನು ಮದುವೆಯಾಗಿ ಈ ಮನೆಗೆ ಬರುತ್ತಿರಲಿಲ್ಲ. ಕೊಟ್ಟ ಬದುಕಿನ ಬಾಡಿಗೆಯನ್ನು ಅದು ಈಗ ಕೇಳುತ್ತಿದೆ, ಅಷ್ಟೇ. ಹೃದಯದಲ್ಲಿ ಬಡಿತ ಹುಟ್ಟುವ ಒಂದು ಸಣ್ಣ ಜಾಗವಿದೆಯಂತೆ. ಅದು ಹಳೆಯ ಗಾಯದ ಕಲೆಯ ಹಾಗೆ ಗಟ್ಟಿಯಾಗಿದೆ ಎಂದು ನನ್ನ ಡಾಕ್ಟರು ಹೇಳಿದರು. ಕವಾಟವೂ ಬಿಗಿಯುತ್ತಿದೆ. ಅದಕ್ಕೇನು ಮಾಡುವುದೆಂಬ ಮಾತು ವರ್ಷದ ಕೊನೆಗೆ.

ಆಗ ಬೇರೆಯಾದವರು ಮತ್ತೆ ಒಂದು ಸಲವೂ ಒಬ್ಬರನ್ನೊಬ್ಬರು ನೋಡಲಿಲ್ಲವಲ್ಲ. ನಮ್ಮ ಕೊಟ್ಟಿಗೆಯ ಫೋನಿನಲ್ಲಿ ಒಮ್ಮೆ ಪ್ರಯತ್ನಿಸಿದೆವು. ನೀನು "ಹಲೋ" ಎಂದೆ, ನಾನು "ಹಲೋ" ಎಂದೆ, ಆಮೇಲೆ ಇಬ್ಬರೂ ಮೂಗು ಸೇದುವುದು ಮಾತ್ರ ಕೇಳುತ್ತಿತ್ತು. ಕಾಗದವೇ ವಾಸಿ ಎಂದು ಅಂದೇ ತೀರ್ಮಾನವಾಯಿತು. ಕ್ರಿಸ್‌ಮಸ್‌ಗೆ ನೀನು ಕಳಿಸುವ ಹಳದಿ ಕಾಡುಹಣ್ಣಿನ ಜಾಮನ್ನು ನಾನು ಬ್ರೆಡ್ಡಿಗೆ ಹಚ್ಚುವ ಮೊದಲು ಬಾಟಲಿಯನ್ನು ಕಿವಿಗೆ ಹಿಡಿಯುತ್ತೇನೆ. ಕಡಲು ಕೇಳುವುದಿಲ್ಲ. ಆದರೂ ಹಿಡಿಯುತ್ತೇನೆ.

ಸರಿ, ಯಂತ್ರದ ವಿಷಯಕ್ಕೆ ಬರುತ್ತೇನೆ.

ನೋವು ಹೆಚ್ಚಿಲ್ಲ. ಎಡ ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಇಡುತ್ತಾರೆ, ನೀನು ಎಚ್ಚರವಾಗಿಯೇ ಇರುತ್ತೀಯ. ನಾವು ಗುಂಡಿ ಹಾಕದೆ ಗುಂಡುಸೂಜಿಯಿಂದ ಎದೆಯ ಮೇಲುಬಟ್ಟೆ ಸಿಕ್ಕಿಸಿಕೊಳ್ಳುವವರು. ಸೂಜಿ ಬೀಳುವುದು ಸರಿಯಾಗಿ ಅದೇ ಜಾಗಕ್ಕೆ. ಹುಡುಗಿಯಾಗಿದ್ದಾಗಿನಿಂದ ಕಣ್ಣು ಮುಚ್ಚಿ ಚುಚ್ಚುತ್ತಿದ್ದ ಕೈ ಈಗ ಒಂದು ಬೆರಳು ಕೆಳಗೆ ಹೋಗಿ ಚುಚ್ಚಲು ಕಲಿತಿದೆ. ನಿನಗೆ ಆ ತೊಂದರೆಯಿಲ್ಲ. ಕೆಲವು ವಾರ ಎಡಗೈಯನ್ನು ಹೆಗಲಿಗಿಂತ ಮೇಲೆ ಎತ್ತಬಾರದು. ಸೋಮವಾರದ ಬಟ್ಟೆ ಒಣಹಾಕಲು ಸಭೆಯ ಹೆಂಗಸರು ಸರದಿಯ ಮೇಲೆ ಬಂದರು. ಆಮ್ಸಿಯ ತಂಗಿ ಲವೈನಾ ಹಗ್ಗದ ತುದಿಯಿಂದಲೇ ಕೂಗಿದಳು: "ಅತ್ತಿಗೆ ಎದೆಗೆ ಗಡಿಯಾರ ಕಟ್ಟಿದ್ದಾರಂತೆ, ಇನ್ನಾದ್ರೂ ಸಭೆಗೆ ಹೊತ್ತಿಗೆ ಸರಿಯಾಗಿ ಬರ್ತಾಳೆ!"

ವಿದ್ಯುತ್ ಬೇಲಿಗೆ ಒರಗಬಾರದು ಎಂದು ಆಸ್ಪತ್ರೆಯಲ್ಲಿ ಆಮ್ಸಿಗೆ ಹೇಳಿದ್ದರು. ನಾನು ಮನೆಗೆ ಬಂದ ವಾರದಲ್ಲೇ ಅವನು ತೋಟಕ್ಕೆ ಹೋಗುವ ದಾರಿಯುದ್ದಕ್ಕೂ ತಂತಿ ಕಿತ್ತು ಮರದ ಬೇಲಿ ಹಾಕಿದ. ಯಾಕೆ ಎಂದು ಕೇಳಿದೆ. "ತಂತಿ ತುಕ್ಕು ಹಿಡಿದಿತ್ತು" ಎಂದ. ತುಕ್ಕು ಹಿಡಿದಿರಲಿಲ್ಲ. ನೋಡು, ನಮ್ಮ ಜನಕ್ಕೂ ಸುಳ್ಳು ಬರುತ್ತದೆ.

ಈಗ ನಾನು ಕೊಟ್ಟಿಗೆಯ ಏರು ಹತ್ತುತ್ತೇನೆ. ಮೊದಲು ಅರ್ಧಕ್ಕೆ ನಿಂತು ಕೋಳಿ ಎಣಿಸುವವಳಂತೆ ನಟಿಸುತ್ತಿದ್ದೆ. ಕಣ್ಣು ಕಪ್ಪಾಗುವುದು ನಿಂತಿದೆ. ಕುದಿಯುವ ಹಂಡೆಯ ಪಕ್ಕ ಒಬ್ಬಳೇ ನಿಲ್ಲಲು ನನ್ನನ್ನು ಬಿಡುತ್ತಾರೆ. ನೀನು ಕೆಟ್ಲು ಹಿಡಿದು ಬಿದ್ದೆಯಲ್ಲ, ಅದರಲ್ಲಿ ನೀರು ಕುದಿಯುತ್ತಿತ್ತೇ ಎಂದು ನೀನು ಬರೆಯಲಿಲ್ಲ.

ಇನ್ನು ಕುಣಿಯುವ ಮಾತು. ಇದನ್ನು ಓದಿ ನೀನು ನಗಬೇಕು. ಯಂತ್ರ ಇಟ್ಟ ಮೇಲೆ ಮೊದಲ ತಪಾಸಣೆಗೆ ಹೋದಾಗ, ಅದನ್ನು ನೋಡುವ ಹುಡುಗಿ ಮಾರಿಸೋಲ್ ಪರದೆ ನೋಡಿ ಹುಬ್ಬೇರಿಸಿದಳು. "ಮಿಸೆಸ್ ಬ್ರೂಬಾಕರ್, ಭಾನುವಾರ ಬೆಳಿಗ್ಗೆ ಓಡೋಕೆ ಹೋಗ್ತೀರಾ?" "ಇಲ್ಲ ತಾಯಿ, ಸಭೆಗೆ ಹೋಗ್ತೀವಿ." "ಅಲ್ಲಿ ಕುಣೀತೀರಾ?" "ಗಟ್ಟಿ ಬೆಂಚಿನ ಮೇಲೆ ಕೂತಿರ್ತೀವಿ." ಅವಳು ತಲೆ ಕೆರೆದುಕೊಂಡಳು. ಆಗ ಮೂಲೆಯಲ್ಲಿ ಟೋಪಿ ಹಿಡಿದು ಕೂತಿದ್ದ ಆಮ್ಸಿ ಬಾಯಿಬಿಟ್ಟ: "ಓಡೋದು ನಮ್ಮ ಕುದುರೆ." ಮೈ ಅಲುಗಿದರೆ ಯಂತ್ರ ನಡಿಗೆ ಎಂದು ತಿಳಿದು ಬಡಿತ ಏರಿಸುತ್ತದಂತೆ. ನಮ್ಮ ಜಲ್ಲಿ ರಸ್ತೆಯಲ್ಲಿ ಗಾಡಿ ಕುಲುಕುವಾಗ ನಾನು ಕೈಕಟ್ಟಿ ಕೂತಿದ್ದರೂ ಎದೆ ಓಡುತ್ತಿತ್ತು. ಮಾರಿಸೋಲ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಅದನ್ನು ಕಡಿಮೆ ಮಾಡಿಕೊಡುತ್ತೇನೆ ಎಂದಳು. ಹಾಗೇ ಇರಲಿ ಎಂದೆ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಕುಣಿಯುತ್ತದೆ, ಲೊರೆಟ್ಟಾ. ಇಪ್ಪತ್ತೊಂದರ ಹುಡುಗಿಯ ಎದೆಯಂತೆ ಕುಣಿಯುತ್ತದೆ. ಇಪ್ಪತ್ತನಾಲ್ಕಕ್ಕೆ ಗಸ್‌ನ ಕೈ ಹಿಡಿದು ಹೋಗು.

ನಿನ್ನ ಹಚ್ಚೆಯ ಜೊತೆಗಾತಿ,
ಸಲಿಂಡಾ

ಮರೆತ ಮಾತು:

ಮರೆತದ್ದಲ್ಲ. ಲಕೋಟೆ ಅಂಟಿಸಿ ಅಂಚೆಚೀಟಿ ಹಚ್ಚಿಯಾಗಿತ್ತು. ಆಮ್ಸಿ ಅದನ್ನು ಅಂಚೆ ಪೆಟ್ಟಿಗೆಗೆ ಹಾಕಲು ಹೊರಟವನು ನನ್ನ ಮುಖ ನೋಡಿ, "ಕಿವಿ ಯಾಕೆ ಹಾಗಾಗಿದೆ?" ಎಂದ. ಹಂಡೆಯ ಬಿಸಿ ಎಂದೆ. ಆಮೇಲೆ ಅವನ ಕೈಯಿಂದ ವಾಪಸು ತೆಗೆದುಕೊಂಡೆ.

ಕುಣಿಯುವುದಿಲ್ಲ.

ಯಂತ್ರ ಇಟ್ಟ ಮೇಲೆ ನಿನ್ನ ಮೊದಲ ಕಾಗದ ಬಂದ ದಿನ ನಾನು ಎಂದಿನಂತೆ ಪೆಟ್ಟಿಗೆಯ ಹತ್ತಿರ ನಿಂತು ನಿನ್ನ ಅಂಕುಡೊಂಕು ಅಕ್ಷರ ನೋಡಿದೆ. ಬಾಯಿ ಒಣಗಿತು. ಎದೆ ಮಾತ್ರ ಏನೂ ಆಗದಂತೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ. ನಿನ್ನ ಮೇಲಿನ ಪ್ರೀತಿ ನನ್ನೊಳಗೆ ಬತ್ತಿಹೋಯಿತೆಂದೇ ತಿಳಿದೆ. ತಡೆಯಲಾರದೆ ಮಾರಿಸೋಲ್‌ಳನ್ನು ಕೇಳಿದೆ. ಅವಳು ಆ ದಿನ ನಗಲಿಲ್ಲ. ನನ್ನ ಕೈ ಹಿಡಿದುಕೊಂಡು, "ನಿಮ್ಮ ಹೃದಯಕ್ಕೆ ತಾನಾಗಿ ವೇಗ ಏರಿಸೋ ಶಕ್ತಿ ಹೋಗಿದೆ. ಯಂತ್ರಕ್ಕೆ ಅಲುಗಾಟ ಗೊತ್ತಾಗುತ್ತೆ, ಸಂತೋಷ ಗೊತ್ತಾಗಲ್ಲ. ಪ್ರೀತಿ ಎಲ್ಲೂ ಹೋಗಿಲ್ಲಮ್ಮ" ಎಂದಳು. ಎಲ್ಲರಿಗೂ ಹೀಗಾಗುವುದಿಲ್ಲವಂತೆ. ನಿನ್ನದು ಹೇಗೋ ನನಗೆ ತಿಳಿಯದು. ಆದರೆ ನಾವಿಬ್ಬರೂ ಮಲಗಿದ್ದು ಒಂದೇ ಮೇಜಿನ ಮೇಲೆ.

ಆ ವರ್ಷ ಶರತ್ಕಾಲದಲ್ಲಿ ಒಂದು ದಿನ ಹಿಟ್ಟಿನ ಗಿರಣಿಗೆ ಹೊರಟಾಗ ಆಮ್ಸಿ ನಿನ್ನ ಕಾಗದವನ್ನು ಗಾಡಿಯಲ್ಲೇ ಕೈಗಿತ್ತ. ಜಲ್ಲಿಯ ಮೇಲೆ ಕುದುರೆ ಕಾಲು ಚುರುಕು ಮಾಡಿತು. ಅಕ್ಷರಗಳು ಕಣ್ಣ ಮುಂದೆ ಕುಪ್ಪಳಿಸುತ್ತಿದ್ದವು, "ಲೇ ಬಾತುಮರಿ" ಎಂದು ಓದುತ್ತಿದ್ದಂತೆ ನನ್ನೆದೆ ಓಡತೊಡಗಿತು, ಹಿಂದೆ ಓಡುತ್ತಿತ್ತಲ್ಲ, ಹಾಗೆಯೇ. ಅಂದಿನಿಂದ ನಿನ್ನ ಕಾಗದವನ್ನು ನಾನು ಮನೆಯಲ್ಲಿ ಒಡೆದಿಲ್ಲ. ಈ ಶನಿವಾರವೂ ಗಿರಣಿಗೆ ಹೋಗೋಣ ಎಂದೆ. "ಹಿಟ್ಟು ಡಬ್ಬದ ತುಂಬ ಇದೆಯಲ್ಲೇ" ಎಂದ ಆಮ್ಸಿ. ಆಮೇಲೆ ನನ್ನ ಕೈಯಲ್ಲಿದ್ದ ಲಕೋಟೆ ನೋಡಿದ. ಹೋಗಿ ಗಾಡಿಗೆ ಕುದುರೆ ಕಟ್ಟಿದ. ಹತ್ತಿರದ ಡಾಂಬರು ದಾರಿ ಬಿಟ್ಟು ಸುತ್ತಿನ ಜಲ್ಲಿ ದಾರಿ ಹಿಡಿದ. ನೀನು ಬಿದ್ದ ಸುದ್ದಿಯನ್ನು ನಾನು ಅಲ್ಲಿ ಓದಿದೆ. ಎದೆ ಹೊಡೆದುಕೊಳ್ಳಬೇಕಾದಷ್ಟೂ ಹೊಡೆದುಕೊಂಡಿತು.

ಹಾಗಾಗಿ ಈ ಸಲ ನಿಜವನ್ನೇ ಹೇಳಿ ಬೇಡುತ್ತೇನೆ: ಹೋಗು. ದೋಣಿ ಕಂಡರೆ ಅಡುಗೆಮನೆಯ ಕಿಟಕಿಯಲ್ಲಿ ನಿಲ್ಲಬೇಡ. ಇಳಿಜಾರಿನಲ್ಲಿ ಓಡು, ಬಂದರಿನ ಹಲಗೆಗಳು ದಡದಡ ಎನ್ನಲಿ. ಮೊದಲು ಎದೆ ಓಡುತ್ತಿತ್ತು, ನೀನು ಹಿಂದೆ ಹೋಗುತ್ತಿದ್ದೆ. ಇನ್ನು ನೀನು ಮುಂದೆ ಹೋಗು, ಅದು ಬರುತ್ತದೆ.

ಆಸ್ಪತ್ರೆಯಿಂದ ಬಂದ ಕೂಡಲೇ ಬಲಗೈಯಲ್ಲಿ ಎರಡೇ ಸಾಲು ಬರೆದು ಹಾಕು. ತಡಮಾಡಬೇಡ. ಹಿಮ ಬಿದ್ದರೆ ಆಮ್ಸಿ ಗಾಡಿ ಒಳಗಿಟ್ಟು ಜಾರುಬಂಡಿ ಕಟ್ಟುತ್ತಾನೆ. ಅದು ಒಂದಿಷ್ಟೂ ಅಲುಗುವುದಿಲ್ಲ.