ಮಿನುಗುತ್ತಲೇ ಇದ್ದ ಹಸಿರು ದೀಪ

ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಪತ್ರ ಬಂದು ನಲವತ್ತು ದಿನವಾಯಿತು. ಕೆಲಸದ ಒತ್ತಡ ಎಂದು ಬರೆಯಲು ಹೋಗಿ ಹೊಡೆದುಹಾಕಿದೆ. ನೆಪ ಹೇಳುವುದರಲ್ಲಿ ನಾನು ಚಿಕ್ಕಂದಿನಿಂದಲೂ ದಡ್ಡಿ ಎಂದು ನಿನಗೇ ಗೊತ್ತು. ಹೆದರಿಕೆಯಿಂದ ಬರೆಯಲಿಲ್ಲ, ಅಷ್ಟೇ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದೊಡನೆ ಬೇರೇನೋ ಮಾತೆತ್ತಿಬಿಡುತ್ತೇನೆ.

ಪುಟ್ಟಿಯ ಕೆಮ್ಮು ಹೋಯಿತೇ? ಶಾಲೆಯಲ್ಲಿ ಯಾರೋ ಅವಳಿಗೆ "ನಿಮ್ಮಪ್ಪ ಮೈಮರೆತು ಗುಂಡಿಗಿಳಿದ್ರಂತೆ" ಎಂದರೆಂದು ನೀನು ಬರೆದಿದ್ದೆ. ಪತ್ರದ ಕೊನೆಯಲ್ಲಿ ನೀನು ಕೇಳಿದ್ದಕ್ಕೆ ಆಮೇಲೆ ಬರುತ್ತೇನೆ.

ಮೈಮರೆವಿನ ಮಾತು ಹೊರಟಿದ್ದು ವಿಚಾರಣೆಗೆ ನಮ್ಮ ಕಂಪನಿ ಕೊಟ್ಟ ವರದಿಯಿಂದ. ಚರಂಡಿ ನೀರಿನ ಪಂಪ್‌ಹೌಸ್‌ನ ಆಪರೇಟರ್, ಅಂದರೆ ಭಾವ, ಉಪಕರಣ ಚಾಲೂ ಇದ್ದರೂ ಅಳತೆ ನೋಡದೆ, ಪಂಪಿಗೆ ಸಿಕ್ಕಿದ್ದ ಬಟ್ಟೆ ಬಿಡಿಸಲು ಗುಂಡಿಗೆ ಇಳಿದರು, ವಿಷಗಾಳಿಗೆ ಬಲಿಯಾದರು ಎಂದು ಅದರಲ್ಲಿದೆ. ಕೆಳಗಿರುವ ಸಹಿ ನನ್ನದು.

ಉಪಕರಣ ನಿನಗೆ ಗೊತ್ತು, ಗುಂಡಿಯ ಬಾಯಿಯ ಕಂಬಿಗೆ ಕಟ್ಟಿದ್ದ ಆ ಡಬ್ಬಿ. ಒಳಗೆ ಅಂಗೈಯಗಲದ ಒಂದು ಬೋರ್ಡು. ಅಷ್ಟರಲ್ಲೇ ಒಂದು ಪೂರ್ತಿ ಕಂಪ್ಯೂಟರ್, ಅದನ್ನು ನಡೆಸುವ ಲಿನಕ್ಸ್ ಎಂಬ ಮೂಲ ತಂತ್ರಾಂಶ, ಅದರ ಮೇಲೆ ಗಾಳಿಯ ವಿಷ ಅಳೆದು ಪರದೆಗೆ ಸಂಖ್ಯೆ ಹಾಕುವ ನನ್ನ ಪ್ರೋಗ್ರಾಂ. ಭಾವ ಅದಕ್ಕೆ ಪುಟ್ಟ ಸಾಹೇಬರು ಎಂದು ಹೆಸರಿಟ್ಟಿದ್ದರು. "ಕೂತಲ್ಲೇ ಕೂತು ಕಣ್ಣು ಮಿಟುಕಿಸೋದು ಬಿಟ್ರೆ ಬೇರೆ ಕೆಲಸ ಇಲ್ಲ, ಸಾಹೇಬ್ರಲ್ದೆ ಇನ್ನೇನು?" ಎಂದು ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮನ್ನೆಲ್ಲ ನಗಿಸಿದ್ದರು. ಆ ಕಣ್ಣು ಎಂದರೆ ಹಸಿರು ದೀಪ.

ಆ ದೀಪದ ಕಥೆಯನ್ನೇ ನಿನಗೆ ಹೇಳಬೇಕಾಗಿದೆ. ಬೋರ್ಡು ಇನ್ನೂ ನಮ್ಮ ಮೇಜಿನ ಮೇಲಿರುವಾಗ, ಅದು ಎದ್ದಿದೆಯೋ ಸತ್ತು ಬಿದ್ದಿದೆಯೋ ನೋಡಲು ಈ ಕಸುಬಿನ ನಾವು ದೀಪವನ್ನು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ಬುಡಕ್ಕೆ, ಒಪ್ಪಿಸಿಬಿಡುತ್ತೇವೆ. ಬುಡ ಬದುಕಿರುವವರೆಗೆ ದೀಪ ಮಿನುಗುತ್ತದೆ. ಮೇಲೆ ಓಡುವ ಪ್ರೋಗ್ರಾಂ ಕಲ್ಲಾಗಿ ನಿಂತರೂ ಮಿನುಗುತ್ತದೆ. ಡಬ್ಬಿಗೆ ಹಾಕಿ ಕಳಿಸುವ ಮುಂಚೆ ಆ ದೀಪವನ್ನು ಬುಡದಿಂದ ಬಿಡಿಸಿ ನನ್ನ ಪ್ರೋಗ್ರಾಂಗೆ ಕಟ್ಟಬೇಕಿತ್ತು, ಅಳತೆ ನಿಂತರೆ ದೀಪವೂ ಆರುವ ಹಾಗೆ. ಪ್ರೋಗ್ರಾಂನಲ್ಲಿ ನಾಲ್ಕು ಸಾಲು ಬರೆಯುವ ಕೆಲಸ. ನಾಳೆ ಮಾಡೋಣವೆಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ್ದೆ. ಚೀಟಿ ಯಾವಾಗಲೋ ಉದುರಿತು, ನಾನೂ ಮರೆತೆ.

ಅಪಘಾತವಾಗಿ ಒಂದು ವಾರಕ್ಕೆ ಡಬ್ಬಿ ನನ್ನ ಮೇಜಿಗೆ ಬಂತು. ಮೆಮೊರಿ ಕಾರ್ಡ್ ತೆಗೆದು ದಾಖಲೆ ಓದಿದೆ. ಕೊನೆಯ ಅಳತೆ ಬೆಳಿಗ್ಗೆ ಆರು ಹನ್ನೆರಡಕ್ಕೆ. ಕಾರ್ಡು ಸವೆದಿತ್ತು, ಅದಕ್ಕೆ ಬರೆಯಲಾಗದೆ ಪ್ರೋಗ್ರಾಂ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು. ಭಾವ ಇಳಿದದ್ದು ಹನ್ನೊಂದಕ್ಕೆ. ಅಲ್ಲಿಯವರೆಗೂ ಪರದೆ ಅದೇ ಹಳೆಯ ಸಂಖ್ಯೆ ತೋರಿಸುತ್ತಿತ್ತು, ದೀಪ ಮಿನುಗುತ್ತಿತ್ತು.

ಮ್ಯಾನೇಜರಿಗೆ ತೋರಿಸಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. "ದೀಪ ಉರೀತಿತ್ತಾ ಇಲ್ವಾ?" ಎಂದರು. ಉರಿಯುತ್ತಿತ್ತು ಎಂದೆ. "ಹಾಗಾದ್ರೆ ಉಪಕರಣ ಚಾಲೂ ಇತ್ತು ಅಂತ ಬರಿಯಮ್ಮ. ಸುಳ್ಳೇನಲ್ವಲ್ಲ. ಇನ್ನೂ ಅರವತ್ತು ಗುಂಡಿ ಮೇಲೆ ನಮ್ಮ ಡಬ್ಬಿ ಇದೆ, ಈಗ ಗಾಬರಿ ಎಬ್ಬಿಸ್ಬೇಡ." ಬರೆದೆ. ಅವರನ್ನು ದೂರುತ್ತಿಲ್ಲ ಅಕ್ಕಾ, ಪೆನ್ನು ನನ್ನ ಕೈಯಲ್ಲೇ ಇತ್ತು. ಆಮೇಲೆ ಆಫೀಸಿನಲ್ಲಿ ಯಾರು ಪಿಸುಗುಟ್ಟಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಗತಿ.

ಇವತ್ತು ಬೆಳಿಗ್ಗೆ ವಿಚಾರಣೆಯ ಅಧಿಕಾರಿಗೆ ಕಾರ್ಡನ್ನೂ, ಮೊದಲ ವರದಿ ಸುಳ್ಳು ಎಂಬ ಹೇಳಿಕೆಯನ್ನೂ ಕೊಟ್ಟು ಬಂದೆ. ಮಿಕ್ಕ ಗುಂಡಿಗಳಿಗೆ ಯಾರೂ ಇಳಿಯಕೂಡದೆಂದು ಆಕೆ ಅಲ್ಲೇ ಫೋನ್ ಮಾಡಿದರು. ಆಮೇಲೆ ಕನ್ನಡಕ ತೆಗೆದು, "ಇದನ್ನ ಅವರ ಹೆಂಡತಿಗೆ ಹೇಳಿದೀರಾ?" ಎಂದರು. ಇಲ್ಲ, ಅವಳು ನನ್ನ ಅಕ್ಕ ಎಂದೆ. ಆಕೆ ಕಾರ್ಡನ್ನು ಲಕೋಟೆಗೆ ಹಾಕಿ ಅಂಟಿಸಿದರು. ನನ್ನ ಕೆಲಸ ಹೋಗುತ್ತದೆ, ಜೈಲೂ ಆದೀತು. ಆಗಲಿ. ಪುಟ್ಟಿಗೆ ಹೇಳು, ಅವಳಪ್ಪ ಮೈಮರೆತಿರಲಿಲ್ಲ.

ಪುಟ್ಟಿ ನೂರು ಕಾಲ ಬಾಳಲಿ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ತಂಗಿ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ ಕೊಡದೆಯೇ ಕಾಗದ ಮಡಚಲು ಹೊರಟಿದ್ದೆ. ಇಳಿಯುವ ಮುಂಚೆ ಅವರು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದರೆಂದು ಅಲ್ಲಿದ್ದ ಫಿಟ್ಟರ್ ಹೇಳಿದ, ಫೋನು ಗುಂಡಿಯ ಪಾಲಾಯಿತು, ಅದು ಯಾರೆಂದು ನಿನಗೇನಾದರೂ ಗೊತ್ತೇ, ಕೊನೆಯ ಮಾತು ಸಿಕ್ಕವರು ಪುಣ್ಯವಂತರು ಎಂದು ನೀನು ಬರೆದಿದ್ದೆ. ಅದು ಸಿಕ್ಕಿದ್ದು ನನಗೆ. ಅಧಿಕಾರಿಗೂ ಇದನ್ನು ಹೇಳಿಲ್ಲ, ಮೊದಲು ನಿನಗೆ ಗೊತ್ತಾಗಬೇಕಿತ್ತು. "ಬೆಳಗ್ಗಿಂದ ಸಂಖ್ಯೆ ಒಂಚೂರೂ ಅಲ್ಲಾಡಿಲ್ಲ ಕಣೇ, ಆದ್ರೆ ಸಾಹೇಬ್ರು ಕಣ್ಣು ಮಿಟುಕಿಸ್ತಾನೇ ಇದಾರೆ. ಇಳೀಲಾ, ಬೇಡ್ವಾ?" ಎಂದು ಕೇಳಿದರು. ನಾನು ಬೇರೊಂದು ಬೋರ್ಡಿಗೆ ಬೆಸುಗೆ ಹಾಕುತ್ತಿದ್ದೆ, ಕಣ್ಣೆತ್ತಲಿಲ್ಲ. "ದೀಪ ಮಿನುಗ್ತಿದ್ರೆ ಎಲ್ಲ ಸರಿ ಇದೆ ಅಂತ ಭಾವ, ಧೈರ್ಯವಾಗಿ ಇಳೀರಿ" ಎಂದೆ. "ಸಾಹೇಬ್ರ ಅಮ್ಮನೇ ಅಪ್ಪಣೆ ಕೊಟ್ಮೇಲೆ ಇನ್ನೇನು" ಎಂದು ನಗುತ್ತಲೇ ಫೋನಿಟ್ಟರು.