ಮಂಗಳವಾರ ಮುಚ್ಚಿರುವ ಅಂಗಡಿ

ಕವಾಲಾ
ಏಪ್ರಿಲ್ ೨, ಬುಧವಾರ

ನನ್ನ ಆರ್ಗಿರೋ,

‘ಅಮ್ಮಾ, ಮಂಗಳವಾರ ಅಂಗಡಿ ಯಾಕೆ ಮುಚ್ಚಿರುತ್ತೆ? ಹುಷಾರಿಲ್ವಾ?’ ಎಂದು ಫೋನಿಗೆ ಒಂದು ಸಾಲು ಕಳಿಸಿದ್ದೀಯ. ಹನ್ನೊಂದು ತಿಂಗಳಲ್ಲಿ ನಿನ್ನಿಂದ ಬಂದದ್ದು ಅದೊಂದೇ. ಪಕ್ಕದ ಮೀನಂಗಡಿಯ ಲಾಂಬಿಸ್ ಚಾಡಿ ಹೇಳಿರಬೇಕು. ಐಸ್ ಹಾಕಿದರೆ ಅವನ ಮೀನು ಒಂದು ದಿನ ಉಳಿಯುತ್ತದೆ, ಅವನ ಹೊಟ್ಟೆಯಲ್ಲಿ ಮಾತು ಉಳಿಯುವುದಿಲ್ಲ. ನಾನು ಹುಷಾರಾಗಿದ್ದೇನೆ. ಮೊಣಕಾಲು ನೋವು, ವಾರಕ್ಕೊಂದು ದಿನ ಕಾಲು ಚಾಚಿ ಕೂರು ಎಂದಿದ್ದಾರೆ, ಅಷ್ಟೇ. ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಅಲ್ಲಿ ನನ್ನ ಬೆರಳಿಗೂ ನಾಲಿಗೆಯಷ್ಟೇ ಅವಸರ. ಕಾಗದದಲ್ಲಾದರೆ ತಪ್ಪಿದ್ದನ್ನು ಹೊಡೆದುಹಾಕಬಹುದು. ಇದು ನಾಲ್ಕನೆಯ ಪ್ರತಿ.

ಮೊದಲು ಬಸ್ ನಿಲ್ದಾಣದ ವಿಷಯ. ಕಳೆದ ಈಸ್ಟರ್‌ಗೆ ಬರುವ ಮುಂಚೆ ನೀನು ಒಂದು ಹಾಳೆ ಕಳಿಸಿದ್ದೆ. ಥೆಸಲೊನೀಕಿಯಲ್ಲಿ ನಿನಗೆ ಊಟದ ಸಲಹೆ ಕೊಡುವ ಉರಾನಿಯಾ ಅವರ ಜೊತೆ ಕೂತು ಬರೆದದ್ದು. ಅದರಲ್ಲಿದ್ದದ್ದು: ನನ್ನ ಮೈ ಬಗ್ಗೆ ಮಾತು ಬೇಡ, ಇಳಿದಿದೆ ಅಂತಲೂ ಬೇಡ, ತುಂಬಿದೆ ಅಂತಲೂ ಬೇಡ. ನನ್ನ ತಟ್ಟೆಯನ್ನು ನೋಡುತ್ತಾ ನಿಲ್ಲಬೇಡ. ಬಚ್ಚಲುಮನೆಯ ತೂಕದ ಯಂತ್ರ ತೆಗೆದುಬಿಡು. ಯಂತ್ರವನ್ನು ಲಾಂಬಿಸ್‌ಗೆ ಕೊಟ್ಟೆ. ಹಾಳೆಯನ್ನು ಅಂಗಡಿಯ ಚೀಸ್ ಪೀಪಾಯಿಗೆ ಅಂಟಿಸಿ ಬಾಯಿಪಾಠ ಮಾಡಿದೆ. ಯಂತ್ರ ತೆಗೆದವಳು ಈ ಎರಡು ಕೈಗಳನ್ನು ಮರೆತೆ.

ನೀನು ಬಸ್ಸಿಳಿದೆ. ನಾನು ಅಪ್ಪಿಕೊಂಡು, ಅಭ್ಯಾಸಬಲದಿಂದ ನೆಲದಿಂದ ನಾಲ್ಕು ಬೆರಳು ಮೇಲೆತ್ತಿ, ತೂಕ ಎಷ್ಟೆಂದು ನಿಲ್ದಾಣಕ್ಕೆಲ್ಲ ಕೇಳುವಂತೆ ಹೇಳಿಬಿಟ್ಟೆ. ‘ಅಂತೂ ಮೈ ಹಿಡೀತಲ್ಲ ನನ್ನ ಬಂಗಾರ!’ ಎಂದು, ದೃಷ್ಟಿ ತಾಗದಿರಲಿ ಅಂತ ಮೂರು ಸಲ ತೂ ತೂ ಎಂದೆ. ಅದೇ ಬಸ್ಸು ವಾಪಸು ಹೊರಡುವಾಗ ನೀನು ಚೀಲದ ಸಮೇತ ಹತ್ತಿಬಿಟ್ಟೆ. ‘ನಾನಾಗಿ ಕರೆಯೋ ತನಕ ನನ್ನ ಬಾಗಿಲಿಗೆ ಬರಬೇಡಮ್ಮಾ’ ಅಂದದ್ದಷ್ಟೇ ನಿನ್ನ ಮಾತು. ಮನೆಯಲ್ಲಿ ಇಬ್ಬರಿಗೆಂದು ತಂದಿದ್ದ ಕುರಿಮರಿಯ ಮಾಂಸ ಹಾಗೇ ಇತ್ತು.

ಸಂತೆಯಲ್ಲಿ ಯಾರದೋ ಅಂಗಡಿಯ ನೆರಳಿನಲ್ಲಿ ಒಂದೇ ಒಂದು ಪೀಪಾಯಿ ಚೀಸ್ ಇಟ್ಟು ಶುರುಮಾಡಿದವಳು ನಾನು. ಆಗ ನನ್ನ ಕೈಯೇ ತಕ್ಕಡಿ. ಜನ ಸೇರಲೆಂದು ಶನಿವಾರ ಒಂದು ಆಟ ಕಟ್ಟಿದೆ: ಗಿರಾಕಿಗಳ ಮಕ್ಕಳನ್ನು ಎತ್ತಿ ತೂಕ ಹೇಳುವುದು, ಲಾಂಬಿಸ್‌ನ ಮೀನಿನ ತಕ್ಕಡಿಯಲ್ಲಿ ಸರಿನೋಡುವುದು. ಪ್ರತಿ ಶನಿವಾರ ಮೊದಲ ಸರದಿ ನಿನ್ನದು. ನಿನಗೆ ಹನ್ನೆರಡಾದಾಗ ಲಾಂಬಿಸ್ ಕೂಗಿದ: ‘ಕಲಿರೋಯಕ್ಕಾ, ಇಷ್ಟು ದೊಡ್ಡ ಮೀನನ್ನ ಯಾರಿಗೆ ಮಾರ್ತೀಯೇ?’ ಸಂತೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ, ನಗು ಇದ್ದ ಕಡೆ ವ್ಯಾಪಾರವಿತ್ತು. ನೀನು ಕೆಳಗಿಳಿದು ಬೂಟಿನ ದಾರವನ್ನು ಬಹಳ ಹೊತ್ತು ಕಟ್ಟುತ್ತಾ ಕೂತೆ. ನಾಚಿಕೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸಲೀಸಾಗಿತ್ತು.

ಆ ವರ್ಷ ಈಸ್ಟರ್‌ಗೆ ಮುಂಚೆ ಮಾಂಸ, ಮೊಟ್ಟೆ, ಚೀಸ್ ಬಿಡುವ ಉಪವಾಸವನ್ನು ನೀನು ನಲವತ್ತೆಂಟು ದಿನವೂ ಹಿಡಿದೆ. ಮಠದ ಸನ್ಯಾಸಿನಿಯರೂ ಅಷ್ಟು ಕಟ್ಟುನಿಟ್ಟಾಗಿ ಹಿಡಿಯುವುದಿಲ್ಲ. ‘ನನ್ನ ಮಗಳನ್ನ ನೋಡಿ ಕಲೀರಿ!’ ಎಂದು ಸಂತೆಗೆಲ್ಲ ಸಾರಿದೆ. ಹಬ್ಬದ ದಿನ ಎಲ್ಲರೂ ಕೆಂಪು ಬಣ್ಣ ಹಾಕಿ ಬೇಯಿಸಿದ ಮೊಟ್ಟೆ ಒಡೆದು ತಿಂದರು. ನೀನು ಮುಷ್ಟಿಯಲ್ಲೇ ಹಿಡಿದು ಕೂತಿದ್ದೆ. ಹಬ್ಬ ಮುಗಿಯಿತು, ನಿನ್ನ ಉಪವಾಸ ಮುಗಿಯಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೆಯೇ ಅದು ಭಕ್ತಿಯಲ್ಲ, ಕಾಯಿಲೆ ಎಂದು ನನಗೆ ತಿಳಿದದ್ದು. ಅರ್ಧ ಕಿಲೋ ಹೆಚ್ಚುಕಡಿಮೆಯಾಗದ ಕೈ ನನ್ನದು!

ಶರತ್ಕಾಲದಲ್ಲಿ ಉರಾನಿಯಾ ಅವರನ್ನು ಕಾಣಲು ಥೆಸಲೊನೀಕಿಗೆ ಹೋಗಿದ್ದೆ, ನೀನು ಹೇಗಿದ್ದೀಯ ಎಂದು ಕೇಳಲು. ‘ಮಗಳ ಬಗ್ಗೆ ಒಂದಕ್ಷರ ಹೇಳಲ್ಲ. ನಿಮ್ಮ ಬಗ್ಗೆ ಮಾತಾಡೋದಿದ್ರೆ ಪಕ್ಕದ ಕೋಣೆಯಲ್ಲಿ ಮೆಲ್ಪೋ ಇದ್ದಾರೆ, ಅವರೂ ಊಟದ ಸಲಹೆ ಕೊಡೋರೇ’ ಎಂದರು. ಮೆಲ್ಪೋ ಅಗಲವಾದ ಕುರ್ಚಿಯ ತುಂಬ ಕೂತಿದ್ದರು. ನನ್ನ ಕಣ್ಣು ತನ್ನ ಕೆಲಸ ಮಾಡಿತು, ಸಂಖ್ಯೆ ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿದೆ.

‘ಬಾಯಲ್ಲಿ ಏನಿಟ್ಕೊಂಡಿದೀರಿ, ಆಲಿವ್ ಬೀಜವಾ?’

‘ಒಂದು ಸಂಖ್ಯೆ.’

ಅವರು ನಕ್ಕುಬಿಟ್ಟರು. ‘ನುಂಗಿಬಿಡಿ, ನನಗದು ಬೇಡ. ಇಷ್ಟೇ ತೂಕ ಸರಿ ಅಂತ ಇಲ್ಲಿ ಯಾರನ್ನೂ ಅಳೆಯಲ್ಲ. ಸಣ್ಣ ಮೈಯೋರೂ ಹಸಿದಿರ್ತಾರೆ, ನನ್ನಂಥೋರೂ ಹಸಿದಿರ್ತಾರೆ. ಇವತ್ತೇನು ತಿಂದ್ರಿ ಹೇಳಿ.’

‘ಕಾಫಿ. ಆಮೇಲೆ ಚೀಸ್ ಕತ್ತರಿಸುವಾಗ ಉದುರಿದ ಚೂರು.’

‘ಕೂತ್ಕೊಂಡಾ?’

‘ಅಂಗಡಿಯವಳು ಕೂತ್ರೆ ಗಿರಾಕಿ ನಿಲ್ತಾನಾ?’

‘ಹೋಗ್ಲಿ, ಕೊನೇ ಸಲ ಕೂತು ಊಟ ಮಾಡಿದ್ದು ಯಾವಾಗ?’

ಯಾವ ಗಿರಾಕಿ ಯಾವ ಚೀಸ್ ಒಯ್ಯುತ್ತಾನೆಂದು ಇಪ್ಪತ್ತು ವರ್ಷದ್ದು ಹೇಳಬಲ್ಲೆ. ಅಂಥದೊಂದು ದಿನ ಮಾತ್ರ ಸಿಗಲಿಲ್ಲ. ನಿನ್ನನ್ನು ಮೇಜಿಗೆ ಕೂರಿಸಿ ನಾನು ಸಿಂಕಿನ ಹತ್ತಿರ ನಿಂತು ನೋಡುತ್ತಿದ್ದೆ. ‘ನೀನು ತಿನ್ನು, ನನಗೆ ಹಸಿವಿಲ್ಲ’ ಎಂದು ದಿನಾ ಹೇಳುತ್ತಿದ್ದೆ. ಆಮೇಲೆ ನೀನು ಆ ಮಾತನ್ನೇ ನನಗೆ ಹೇಳತೊಡಗಿದಾಗ, ಎಲ್ಲಿ ಕಲಿತಳೋ ಇವಳು ಎಂದು ಬೈದೆ.

ಈ ಸಲ ನಾನು ಉಪವಾಸ ಹಿಡಿದಿಲ್ಲ. ‘ಕಾಯಿಲೆಯವರಿಗೆ ವಿನಾಯಿತಿ ಇದೆ, ನಿನಗೇನು ಕಾಯಿಲೆ ಕಲಿರೋಯಿ?’ ಎಂದರು ಪಾದ್ರಿ. ‘ನಿಲ್ಲೋದು, ಸ್ವಾಮಿ’ ಎಂದೆ. ಮಧ್ಯಾಹ್ನ ಪೀಪಾಯಿಗಳ ಹಿಂದೆ ಕುರ್ಚಿ ಹಾಕಿಕೊಂಡು ತಿನ್ನುತ್ತೇನೆ. ‘ಅಕ್ಕಾ, ಬದುಕಿದೀಯಾ? ತಲೇನೇ ಕಾಣ್ತಿಲ್ಲ!’ ಎಂದು ಲಾಂಬಿಸ್ ಕೂಗುತ್ತಾನೆ. ಸಂತೆಯಲ್ಲಿ ಸುಲಭ. ಮನೆಯಲ್ಲಿ ಕಷ್ಟ. ಗೋಡೆಗೆ ತಾಗಿದ್ದ ಮೇಜನ್ನು ಈಚೆಗೆಳೆದಿದ್ದೇನೆ. ಮೊದಲ ತುತ್ತನ್ನು ರೇಡಿಯೋ ಹಾಕಿಕೊಂಡು ನುಂಗುತ್ತೇನೆ.

ಈಸ್ಟರ್‌ಗೆ ಬಾ. ಮೂರು ಪ್ರತಿಗಳಲ್ಲಿ ಹೊಡೆದುಹಾಕಿದ ಸಾಲು ಇದು, ಈ ಸಲ ಇರಲಿ. ಬಂದರೆ ನಿಲ್ದಾಣಕ್ಕೆ ಬರುವುದಿಲ್ಲ. ಬಾಗಿಲು ತೆಗೆದು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಅಪ್ಪುವುದಾದರೆ ನೀನೇ ಅಪ್ಪು.

ಎತ್ತುವುದನ್ನು ಬಿಟ್ಟಿರುವ
ನಿನ್ನ ಅಮ್ಮ,
ಕಲಿರೋಯಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಮೆಲ್ಪೋ ಅವರ ಹತ್ತಿರ ಹೋದದ್ದು ಒಂದು ಸಲವಲ್ಲ, ಅಕ್ಟೋಬರ್‌ನಿಂದ ಪ್ರತಿ ಮಂಗಳವಾರ. ಅಲ್ಲಿಂದ ಹೊರಟರೆ ವಾಪಸು ಬಸ್ಸಿಗೆ ಇನ್ನೂ ಎರಡು ತಾಸು ಇರುತ್ತದೆ. ನಿನ್ನ ಬೀದಿಯ ತುದಿಯಲ್ಲಿ ಬ್ರೆಡ್ ಅಂಗಡಿಯಿದೆಯಲ್ಲ, ಕಿಟಕಿಯ ಪಕ್ಕ ಒಂದು ಮೇಜು, ಎರಡು ಕುರ್ಚಿ. ಅಲ್ಲಿ ಕೂತು ಊಟ ಮಾಡುತ್ತೇನೆ. ನಿನ್ನ ಬಾಗಿಲಿಗೆ ಒಂದು ದಿನವೂ ಬಂದಿಲ್ಲ. ಮುಂದಿನ ಮಂಗಳವಾರವೂ ಮಧ್ಯಾಹ್ನ ಎರಡು ಗಂಟೆಗೆ ಅಲ್ಲೇ ಇರುತ್ತೇನೆ. ಇನ್ನೊಂದು ಕುರ್ಚಿಯ ಮೇಲೆ ನನ್ನ ಚೀಲ ಇಡುತ್ತಿದ್ದೆ. ಈ ಸಲ ಇಡುವುದಿಲ್ಲ.