ಚಾವಡಿ ಗೋಡೆಯ ಹಿಂದೆ ನಿಂತು ಕೇಳಿದವಳಿಗೆ

ಅವ್ವಾ,

ನಿನಗೆ ಓದಲು ಬರುತ್ತಿರಲಿಲ್ಲ. ಮನೆಗೆ ಪತ್ರ ಬಂದರೆ ನನ್ನ ಕೈಗೆ ಕೊಟ್ಟು, "ಹೇಳು ಬೇ, ಏನ್ ಬರದಾರ?" ಅನ್ನುತ್ತಿದ್ದೆ. ಈಗ ಬರೆಯುವವಳೂ ನಾನೇ, ಓದುವವಳೂ ನಾನೇ. ನೀನು ಹೋಗಿ ಎರಡು ವರ್ಷವಾಯಿತು. ನಿನಗೆ ಒಂದು ಸುದ್ದಿ ಹೇಳಬೇಕಿದೆ. ಅದಕ್ಕೂ ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಅದನ್ನು ಪೂರ್ತಿ ತಪ್ಪು ಎನ್ನಲೂ ಬಾಯಿ ಬರುತ್ತಿಲ್ಲ. ಅದೇ ಸಂಕಟ.

ನನಗೆ ಎಂಟೊಂಬತ್ತು ವರ್ಷವಿದ್ದಾಗಿನ ಸಂಜೆಗಳು ನೆನಪಾಗುತ್ತವೆ. ತೊಗರಿ ಹೊಲದಿಂದ ಬರುವ ನೀನು ಮೇವಿನ ಹೊರೆ ಹೊತ್ತುಕೊಂಡೇ ಚಾವಡಿಯ ಹಿಂದಕ್ಕೆ ಹೋಗುತ್ತಿದ್ದೆ. ಪಂಚಾಯ್ತಿಯ ರೇಡಿಯೋ ಒಳಗೆ ಕಪಾಟಿನಲ್ಲಿ ಇರುತ್ತಿತ್ತು. ಜವಾನ ಮಶಾಕ ಹೊತ್ತು ಮುಳುಗುವಾಗ ಬೀಗ ತೆಗೆದು ಅದನ್ನು ಹಚ್ಚುತ್ತಿದ್ದ. ಮಾಳಿಗೆಯ ಮೇಲಿದ್ದ ಧ್ವನಿವರ್ಧಕದ ಭೋಂಗಾ ಮೇಲಿನ ಓಣಿಯ ಕಡೆಗೆ ಬಾಯಿ ತೆರೆದುಕೊಂಡು ಕೂಗುತ್ತಿತ್ತು. ನಮ್ಮ ಓಣಿಗೆ ಬರುತ್ತಿದ್ದುದು ಬರೀ ಗುಂಯ್‌ಗುಡುವ ಸದ್ದು. ಗಂಡಸರು ಮುಂದಿನ ಕಟ್ಟೆಯ ಮೇಲೆ, ನೀನು ಹಿಂದಿನ ಗೋಡೆಗೆ. ನಾನು ನಿನ್ನ ಸೆರಗು ಜಗ್ಗುತ್ತಿದ್ದೆ. "ತಡಿ ಬೇ, ಇನ್ನ ಧಾರಣಿ ಹೇಳಿಲ್ಲ" ಅನ್ನುತ್ತಿದ್ದೆ ನೀನು. ಒಂದು ಗೇಣು ಹೊಲವಿಲ್ಲದ ನಿನಗೆ ತೊಗರಿಯ ಧಾರಣಿ ಯಾಕೆ ಅಂತ ಕೇಳಿದರೆ, "ನಾಳಿ ಗೌಡ್ರ ಮಾರಿ ಹ್ಯಾಂಗಿರತದ ಅಂತ ಇವತ್ತೇ ಗೊತ್ತಾಗ್ಲಿ" ಅಂತ ನಗುತ್ತಿದ್ದೆ.

ಒಂದು ಸಂಜೆ ಮಳೆ ಬಂತು. ಹೊರೆ ನೆನೆಯಬಾರದು ಅಂತ ನೀನು ಮುಂದೆ ಬಂದು ಚಾವಡಿಯ ಸೂರಿನ ಕೆಳಗೆ ನಿಂತೆ. ಕಟ್ಟೆಯ ಮೇಲಿಂದ ಯಾರೋ ಮೆಲ್ಲಗೆ, ಸಿಟ್ಟೇನೂ ಇಲ್ಲದೆ, "ಭೀಮಾಬಾಯಿ, ಆ ಕಡಿ ನಿಂದರು" ಅಂದರು. ಅಪ್ಪನ ಕಾಲಕ್ಕೇ ನಾವು ಬೌದ್ಧರಾಗಿದ್ದೆವು. ಕಟ್ಟೆಯ ಮಟ್ಟಿಗೆ ಅದರಿಂದ ಏನೂ ಬದಲಾಗಿರಲಿಲ್ಲ. ನೀನು ಮಳೆಯೊಳಗೆ ಹಿಂದಕ್ಕೆ ಹೋದೆ, ನಿಂತು ಪೂರ್ತಿ ಕೇಳಿದೆ. ನಾನು ಅಳುತ್ತಾ ಮನೆಗೆ ಓಡಿದೆ. ಅವತ್ತಿನಿಂದ ರೇಡಿಯೋ ಅಂದರೆ ನನಗೆ ಆ ಒಂದು ಮಾತು. ನಿನಗೆ ಹಾಗಿರಲಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ನೀನು ಐದು ಹೆಣ್ಣುಮಕ್ಕಳನ್ನು ಕರೆದುಕೊಂಡು ಮಲ್ಲನಗೌಡರ ಅಂಗಳಕ್ಕೆ ಹೋದದ್ದು ಇನ್ನೂ ಕಣ್ಣ ಮುಂದಿದೆ. ಗೌಡರು ಹೊರಸಿನ ಮೇಲೆ ಕೂತಿದ್ದರು, ಸುತ್ತ ಏಳೆಂಟು ಮಂದಿ ಇದ್ದರು.

"ಗೌಡ್ರ, ಸರ್ಕಾರದವ್ರು ಹೊಲದ ಕೂಲಿ ಏರಿಸ್ಯಾರಂತ್ರಿ. ನಿನ್ನಿ ರೇಡಿಯೋದಾಗ ಹೇಳ್ಯಾರ."

"ರೇಡಿಯೋ ಬಂದು ನನ್ನ ತೊಗರಿ ಕೊಯ್ತದೇನ ಬೇ?"

"ಕೊಯ್ಯಾಕ ನಾವ ಬರ್ತೇವ್ರಿ. ಕೂಲಿ ಎಷ್ಟಂತ ಅದು ಹೇಳ್ಯದ. ನೀವೂ ಕಟ್ಟಿ ಮ್ಯಾಲೆ ಕುಂತು ಕೇಳೀರಲ್ರಿ."

ಗೌಡರು ಸುತ್ತ ಕೂತವರನ್ನು ನೋಡಿದರು. ಎಲ್ಲರೂ ಕೇಳಿದ್ದರು. ಯಾರೂ ಇಲ್ಲ ಅನ್ನಲಿಲ್ಲ. ಹೇಳಿದಷ್ಟು ಕೊಡದಿದ್ದರೂ ಆ ಸುಗ್ಗಿಗೆ ಕೂಲಿ ಏರಿತು. ನನಗೆ ಅವತ್ತು ಕಂಡದ್ದು ಒಂದೇ: ಅವರು ಕೂತಿದ್ದರು, ನೀನು ನಿಂತಿದ್ದೆ.

ಸೋದರಮಾವನಿಗೇ ನನ್ನನ್ನು ಕೊಟ್ಟಿದ್ದರಿಂದ ನಾನು ಊರಲ್ಲೇ ಉಳಿದೆ. ಮಂಡಲ ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸೀಟು ಬಂದಾಗ ಓಣಿಯವರು ನನ್ನನ್ನೇ ನಿಲ್ಲಿಸಿದರು. ಗೆದ್ದ ದಿನ ನೀನು ಅತ್ತುಬಿಟ್ಟೆ, ನೆನಪಿದೆಯಾ? ಮೂರನೆಯ ಸಭೆಗೆ ರೇಡಿಯೋ ವಿಷಯ ಬಂತು. ಸೆಟ್ಟು ಕೆಟ್ಟಿತ್ತು. ಅದರ ರಿಪೇರಿ, ಕರೆಂಟು, ಎಲ್ಲವೂ ಜನ ಕಟ್ಟುವ ಮನೆ ತೆರಿಗೆಯಿಂದಲೇ ನಡೆಯಬೇಕು. ನಾನು ಎದ್ದು ನಿಂತೆ.

"ಮನಿಪಟ್ಟಿ ಎಲ್ಲಾರ ಕಡಿಂದ ತಗೋತೀರಿ. ನಮ್ಮ ಓಣಿಯವ್ರೂ ಕೊಡ್ತೇವಿ. ಕಟ್ಟಿ ಮ್ಯಾಲೆ ನಮಗ ಕುಂದರಾಕ ಜಾಗಿಲ್ಲ. ಭೋಂಗಾದ ಮಾರಿ ನಮ್ಮ ಕಡಿ ಇಲ್ಲ. ಕೇಳದವ್ರು ಯಾಕ ರೊಕ್ಕ ಕೊಡಬೇಕ್ರಿ? ಬೇಕಾದವ್ರು ತಮ್ಮ ತಮ್ಮ ಮನ್ಯಾಗ ಇಟ್ಕೊಳ್ರಿ."

ಮೊದಲು ಎದ್ದದ್ದು ಮಲ್ಲನಗೌಡರ ಕೈ. "ತಂಗಿ ಖರೆ ಹೇಳ್ಯಾಳ" ಅಂದರು. ಹುಟ್ಟಿದಾಗಿನಿಂದ ಅವರ ಬಾಯಲ್ಲಿ ತಂಗಿ ಅನ್ನಿಸಿಕೊಂಡದ್ದು ಅದೇ ಮೊದಲು. ನನಗೆ ಅಲ್ಲಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಉಬ್ಬಿದ್ದೆ, ಅವ್ವಾ.

ಮನೆಗೆ ಓಡಿ ಬಂದು ಹೇಳಿದಾಗ ನೀನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು.

"ಬಂದ್ ಮಾಡಿಸಿದೇನ?"

"ಹೌದು. ನಿನ್ನ ಮರ್ಯಾದಿ ಸಲುವಾಗಿ."

"ಕುಂದರಾಕ ಜಾಗ ಇರಲಿಲ್ಲ, ಖರೆ. ಕೇಳಾಕ ಇತ್ತಲ್ಲ ಬೇ" ಅಂದೆ ನೀನು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, "ಇನ್ನೊಂದು ಭೋಂಗಾ ನಮ್ಮ ಓಣಿಗಿ ಹಚ್ರಿ ಅಂತ ಕೇಳಬೇಕಿತ್ತು" ಅಂದೆ. ನಾನು ರೇಗಿದೆ. ನಿನಗೆ ಮರ್ಯಾದೆಯೇ ಗೊತ್ತಿಲ್ಲ ಅಂದೆ. ಆ ಮಾತನ್ನು ನೀನು ಮರೆತಿದ್ದೆಯೋ, ಇಲ್ಲಾ...

ನಿನ್ನ ತಮ್ಮ, ನನ್ನ ಗಂಡ, ಮಾಮ ಆಳಂದದಿಂದ ನಿನಗೊಂದು ಟ್ರಾನ್ಸಿಸ್ಟರ್ ತಂದುಕೊಟ್ಟಾಗ ನಾನು ಸಮಾಧಾನಪಟ್ಟುಕೊಂಡೆ. ಇನ್ನು ಮಳೆಯಲ್ಲಿ ನಿಲ್ಲುವ ಕೆಲಸವಿಲ್ಲ, ಯಾರ ತೆರಿಗೆಯ ಹಂಗೂ ಇಲ್ಲ. ಮರುವರ್ಷದ ತೊಗರಿ ಕೊಯ್ಲಿನ ಹೊತ್ತಿಗೆ ಮತ್ತೆ ಕೂಲಿ ಏರಿದ ಸುದ್ದಿ ಬಂತು. ನೀನು ಮನೆಯಲ್ಲಿ ಒಬ್ಬಳೇ ಕೇಳಿದೆ. ಬೆಳಿಗ್ಗೆ ಅದೇ ಅಂಗಳಕ್ಕೆ ಹೋದೆ.

"ಯಾರ ಹೇಳ್ಯಾರ? ನಾ ಅಂತೂ ಕೇಳಿಲ್ಲ. ನೀವು ಯಾರರೆ ಕೇಳೀರೇನ?" ಅಂತ ಗೌಡರು ಸುತ್ತ ನೋಡಿದರಂತೆ. ಎಲ್ಲರೂ ತಲೆ ಅಲ್ಲಾಡಿಸಿದರಂತೆ. "ಸರ್ಕಾರ ಭೀಮಾಬಾಯಿ ಒಬ್ಬಾಕಿ ಕಿವ್ಯಾಗ ಹೇಳಿ ಹೋಗ್ಯದ" ಅಂದಾಗ ನಿನ್ನ ಜೊತೆ ಬಂದ ಹೆಣ್ಣುಮಕ್ಕಳೂ ನಕ್ಕರಂತೆ. ಮನೆಗೆ ಬಂದು ನೀನು ಟ್ರಾನ್ಸಿಸ್ಟರ್ ಮುಂದೆ ಕೂತು ಹೇಳಿದೆ: "ಊರೆಲ್ಲಾ ಕೇಳಿದ್ದು ಯಾರೂ ಸುಳ್ಳು ಅನ್ನಾಂಗಿಲ್ಲ. ನಾ ಒಬ್ಬಾಕಿ ಕೇಳಿದ್ದು ಸುದ್ದಿನೇ ಅಲ್ಲ ಬೇ."

ಅಲ್ಲಿಂದ ಮುಂದೆ ಗೌಡರ ಹೊಲದ ಕರೆ ನಮ್ಮ ಓಣಿಯ ಎಲ್ಲ ಬಾಗಿಲಿಗೂ ಬಂತು, ನಿನ್ನ ಬಾಗಿಲೊಂದನ್ನು ಬಿಟ್ಟು. ನೀನು ಅತನೂರಿನ ಕಡೆ ಹೊಲಗಳಿಗೆ ನಡೆದು ಹೋಗತೊಡಗಿದೆ. ಹೋಗಬೇಡ ಅಂದರೆ, "ಕೈ ಸುಮ್ಮನ ಇಟ್ಕೊಂಡು ಎಷ್ಟಂತ ಕುಂದರಲಿ?" ಅನ್ನುತ್ತಿದ್ದೆ. ಆ ಬೇಸಿಗೆಯ ಒಂದು ಮಧ್ಯಾಹ್ನ ನಿನ್ನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದರು. ಬಿಸಿಲು ಬಡಿದು ಮೈ ಹಂಚಿನ ಹಾಗೆ ಸುಡುತ್ತಿತ್ತು. ಅಫಜಲಪುರದ ದವಾಖಾನೆಯಲ್ಲಿ ನೀನು ಮೂರೇ ದಿನ ಬದುಕಿದ್ದೆ. ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. "ಹೊಲ ದೂರ ಇತ್ತು" ಅಂದೆ, ಅಷ್ಟೇ.

ಹೋದ ತಿಂಗಳು ಸಭೆಯಲ್ಲಿ ನಾನೇ ಮತ್ತೆ ಎದ್ದು ನಿಂತೆ. ಚಾವಡಿಯ ರೇಡಿಯೋ ದುರಸ್ತಿ ಮಾಡಿಸಿ, ನಮ್ಮ ಓಣಿಗೂ ಒಂದು ಭೋಂಗಾ ಹಚ್ಚಿ ಅಂದೆ. ಮಲ್ಲನಗೌಡರು ನಕ್ಕು, "ಕೇಳದವ್ರು ಯಾಕ ರೊಕ್ಕ ಕೊಡಬೇಕ್ರಿ? ನೀನ ಹೇಳಿದ ಮಾತು ತಂಗಿ, ಬರದಿಟ್ಟಾರ" ಅಂದರು. ಆಗ ಗೌಡರ ದಾಯಾದಿ ಮನೆಯ ವಿಧವೆ ನೀಲಮ್ಮ ಮಾತಾಡಿದಳು. ಅವಳೂ ಸದಸ್ಯೆ. ತಲೆ ಮೇಲೆ ಸೆರಗು ಹೊದ್ದು ಕೂರುವವಳು, ಅಲ್ಲಿಯ ತನಕ ಒಂದು ಮಾತೂ ಆಡಿದವಳಲ್ಲ.

"ನಮ್ಮ ಹಿತ್ತಲ ಚಾವಡಿಗಿ ಹತ್ತೇ ಅದ. ನಾ ದಿನಾ ಅಲ್ಲಿ ನಿಂತು ಕೇಳತಿದ್ದೆ. ಕಟ್ಟಿ ಮ್ಯಾಲೆ ನಮ್ಮ ಮನಿ ಹೆಣ್ಮಕ್ಕಳರೆ ಯಾವಾಗ ಕುಂತಾರ್ರಿ?"

ನಿನಗೆ ಗೊತ್ತಿತ್ತೇನವ್ವಾ? ನಿನ್ನ ಪಕ್ಕದ ಹಿತ್ತಲ ಗೋಡೆಯ ಆಚೆ ಇನ್ನೊಬ್ಬಳು ಅಷ್ಟು ವರ್ಷ ನಿಂತಿದ್ದಳು. ಎತ್ತಿದ ಕೈಗಳು ಎರಡೇ, ನನ್ನದು ಮತ್ತು ಅವಳದು. ಠರಾವು ಬಿದ್ದುಹೋಯಿತು.

ಈ ಸುಗ್ಗಿಗೆ ಮತ್ತೆ ಕೂಲಿ ಏರಿತು. ನಾನು ಅಫಜಲಪುರದ ಕಚೇರಿಗೆ ಹೋಗಿ, ಎರಡು ದಿನ ಕಾದು, ಸರ್ಕಾರದ ಸಿಕ್ಕೆ ಒತ್ತಿದ ಕೂಲಿ ಹುಕುಮಿನ ನಕಲು ತಂದೆ. ನಿನ್ನೆ ಸಂಜೆ ಚಾವಡಿ ಕಟ್ಟೆ ಹತ್ತಿ ನಿಂತು ಗಟ್ಟಿಯಾಗಿ ಓದಿದೆ. ಅರ್ಧ ಮಂದಿ ಎದ್ದು ಹೋದರು. ಉಳಿದವರು ನೆಲ ನೋಡುತ್ತಾ ಕೂತರು. ಗೌಡರು ಪೂರ್ತಿ ಕೇಳಿ ಎದ್ದರು. ಓದಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಒಡೆದಿತ್ತು. ಒಬ್ಬಳ ಗಂಟಲು ಎಷ್ಟು ದಿನ, ಎಷ್ಟು ದೂರ ಹೋದೀತು?

ನಮಗೆ ಕೇಳಿಸದ್ದಕ್ಕೆ ನಮ್ಮ ತೆರಿಗೆ ಯಾಕೆ ಅಂತ ನಾನು ಕೇಳಿದ್ದು ಸುಳ್ಳಲ್ಲ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಕೊಟ್ಟ ಮೇಲೆ ನಮಗೂ ಕೇಳಿಸಿ ಅಂತ ಹಟ ಹಿಡಿಯಬೇಕಿತ್ತು. ಅದು ಬಿಟ್ಟು ಯಾರಿಗೂ ಕೇಳಿಸದ ಹಾಗೆ ಮಾಡಿದೆ. ಬರುವ ಸಭೆಯಲ್ಲಿ ಮತ್ತೆ ಕೇಳುತ್ತೇನೆ. ಮತ್ತೆ ಎರಡೇ ಕೈ ಎದ್ದರೂ ಅದರ ಮುಂದಿನ ಸಭೆಯಲ್ಲೂ ಕೇಳುತ್ತೇನೆ.

ಇನ್ನು ಸುದ್ದಿ. ಇವತ್ತು ಬೆಳಿಗ್ಗೆ ಗೌಡರ ಮನೆಯ ಆಳು ನಮ್ಮ ಓಣಿಗೆ ಬಂದ. ತೊಗರಿ ಕೊಯ್ಲಿಗೆ ಕರೆ, ಹೊಸ ಕೂಲಿಗೆ. ಬಾಗಿಲು ಬಾಗಿಲಿಗೆ ನಿಂತು ಎಷ್ಟು ಮಂದಿ ಅಂತ ಕೇಳುತ್ತಾ ಬಂದವನು, ಈಗ ನಾನಿರುವ ನಿನ್ನ ಬಾಗಿಲ ಮುಂದೆಯೂ ನಿಂತ.

"ಈ ಮನಿಯಿಂದ ಎಷ್ಟ ಮಂದಿ ಬರ್ತೀರಿ?"

"ಒಬ್ಬಾಕಿ" ಅಂದೆ.

ನಿನ್ನ
ಸುಜಾತಾ